ಮೂರನೇ ಮೆಟ್ಟಿಲಿನ ಮದ್ದು

ಮೇ ೪, ಸೋಮವಾರ

ಬನ್ನಿ ಮಹಾಜನಗಳೇ, ಬನ್ನಿ! ಮುಂದಿನ ಕುರ್ಚಿಯ ಮಾನ್ಯರೇ, ಹಿಂದಿನ ಬೆಂಚಿನ ಶಿಳ್ಳೆವೀರರೇ, ಟಿಕೆಟ್ಟಿಲ್ಲದೆ ಡೇರೆಯ ಅಂಚೆತ್ತಿ ನುಸುಳಿದ ಪುಣ್ಯಾತ್ಮರೇ, ತಾಯಂದಿರೇ, ಅಳುವ ಕೂಸುಗಳೇ! ಪರದೆ ಎದ್ದಿದೆ. ಯುದ್ಧ ಶುರುವಾಗಿದೆ!

ಇದನ್ನು ಓದುವವನು ನಾನೊಬ್ಬನೇ ಎಂದು ನನಗೆ ಗೊತ್ತು. ಆದರೂ ಸಭೆಯನ್ನು ಕರೆಯದೆ ಬಾಯಿ ತೆರೆಯುವುದು ನನ್ನಿಂದಾಗದ ಮಾತು. ನಮ್ಮಪ್ಪ ನಾಟಕ ಕಂಪನಿಯ ಖಳನಾಯಕ. ಅವನು ರಂಗಕ್ಕೆ ಬಂದರೆ ಮುಂದಿನ ಸಾಲಿನ ಮಕ್ಕಳು ತಾಯಂದಿರ ಕಂಕುಳಲ್ಲಿ ಮುಖ ಹುದುಗಿಸುತ್ತಿದ್ದವು. ಬಣ್ಣದ ಪೆಟ್ಟಿಗೆಯ ಮೇಲೆ ನಿದ್ದೆ ಮಾಡಿ ಬೆಳೆದ ನಾನು ಸೈನ್ಯ ಸೇರಿ ಇಂಜಿನಿಯರ್ ಆದೆ. ಶತ್ರು ದಾಟಬಾರದ ಸೇತುವೆಗಳನ್ನು ಉರುಳಿಸಿದೆ, ನಮ್ಮವರು ದಾಟಬೇಕಾದ ಸೇತುವೆಗಳನ್ನು ಗುಂಡಿನ ಮಳೆಯಲ್ಲಿ ಕಟ್ಟಿದೆ. ಕರ್ನಲ್ ಆಗಿ ಸಮವಸ್ತ್ರ ಕಳಚಿದ ವಾರವೇ ಈ ಕಲ್ಲುಗಣಿಯ ಯಜಮಾನರು ಮನೆಗೆ ಬಂದು, "ನಿಮ್ಮಂಥ ಗಂಡಸು ಬೇಕು ನಮಗೆ" ಎಂದರು. ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ! ಹೆಸರೇ ಫಿರಂಗಿಯಷ್ಟು ಉದ್ದ. ಕುರ್ಚಿ ತಿರುಗುತ್ತದೆ, ಏರುತ್ತದೆ, ಇಳಿಯುತ್ತದೆ. ಶತ್ರು ಮಾತ್ರ ಎದುರಿಗೆ ಇರುವುದಿಲ್ಲ. ಬಿಸ್ಕತ್ತು ತಿನ್ನುತ್ತ ಪಕ್ಕದಲ್ಲೇ ಕೂತಿರುತ್ತಾನೆ.

ಇವತ್ತು ಎದುರಿಗೆ ಬಂದ.

ನಮ್ಮ ಗಣಿ ಬೆಟ್ಟವನ್ನು ಬಗೆದು ಮಾಡಿದ ಒಂದು ದೈತ್ಯ ಬಾವಿ. ಗೋಡೆಯನ್ನು ಮೇಲಿನಿಂದ ಕೆಳಕ್ಕೆ ಮೂರು ಮೆಟ್ಟಿಲಾಗಿ ಕಡಿದಿದೆ; ಒಂದೊಂದು ಮೆಟ್ಟಿಲೂ ಮೂರಂತಸ್ತಿನ ಮನೆಯ ಎತ್ತರ. ಮೆಟ್ಟಿಲ ಮೇಲೆ ಸಾಲಾಗಿ ಕುಳಿ ಕೊರೆದು, ಮದ್ದು ತುಂಬಿ, ಮದ್ದಿಗೆ ಕಿಡಿ ಕೊಡುವ ಕೇಪು ಇಟ್ಟು, ಅದರ ವಯರು ಹೊರಗೆಳೆದು, ಗುಂಡಿ ಒತ್ತಿದರೆ ಬೆಟ್ಟ ಮಂಡಿಯೂರುತ್ತದೆ. ಇಷ್ಟು ದಿನ ಮದ್ದು ತುಂಬಿದವನೇ ಗುಂಡಿ ಒತ್ತುತ್ತಿದ್ದ. ಅವನ ಲಹರಿ, ಅವನ ಬೀಡಿ, ಅವನು ಹೇಳಿದ ಹೊತ್ತು. ನಾನು ಬಂದು ಶಿಸ್ತು ತಂದೆ. ತುಂಬುವ ದಳ ಬೇರೆ, ಸಿಡಿಸುವ ದಳ ಬೇರೆ. ಒಬ್ಬರು ತುಂಬಿ ಮುಂದಕ್ಕೆ ಹೋಗಬೇಕು, ಇನ್ನೊಬ್ಬರು ಹಿಂದೆ ಬಂದು ಸಿಡಿಸಬೇಕು. ಪರಸ್ಪರ ಹರಟೆ ನಿಷಿದ್ಧ. ಕಲ್ಲು ಎರಡರಷ್ಟು ಇಳಿಯಿತು. ಯಜಮಾನರು ಚಪ್ಪಾಳೆ ತಟ್ಟಿದರು.

ತುಂಬುವವರ ನಾಯಕ ಬತ್ತಿ ಅಣ್ಣ. ಹಳೆಯ ಕಾಲದಲ್ಲಿ ಬತ್ತಿ ಹಚ್ಚಿ ಓಡುತ್ತಿದ್ದನಂತೆ, ಅದಕ್ಕೆ ಆ ಹೆಸರು. ಈಗ ಕಾಲು ಓಡುವುದಿಲ್ಲ, ಬಾಯಿ ಓಡುತ್ತದೆ. ಬೆಳಿಗ್ಗೆ ನನ್ನ ಕೊಠಡಿಗೆ ನುಗ್ಗಿ ಮೇಜು ಗುದ್ದಿದ.

"ಸಾಹೇಬ್ರೇ, ಒಲೆ ಹಚ್ಚೋಳು ಒಬ್ಳು, ಆರಿಸೋಳು ಇನ್ನೊಬ್ಳು, ಇಬ್ರೂ ಮಾತಾಡಂಗಿಲ್ಲ ಅಂದ್ರೆ ಮನೆ ಉಳಿಯತ್ತಾ? ನಾನು ತುಂಬಿದ್ದನ್ನ ನಾನೇ ಸಿಡಿಸ್ಬೇಕು."

"ಸೈನ್ಯದಲ್ಲಿ..." ಎಂದೆ.

"ಸೈನ್ಯದಲ್ಲಿ ಸತ್ರೆ ಪದಕ ಕೊಡ್ತಾರೆ. ಇಲ್ಲಿ ಸತ್ರೆ ಮಿಕ್ಕೋರಿಗೆ ಅರ್ಧ ದಿನ ರಜ, ಅಷ್ಟೆ!"

ಆಜ್ಞೋಲ್ಲಂಘನೆ! ಅವನನ್ನೂ ಅವನ ಬಾಲಂಗೋಚಿಗಳನ್ನೂ ಅಲ್ಲೇ ಕೆಲಸದಿಂದ ಕಿತ್ತೊಗೆದೆ. ಮಧ್ಯಾಹ್ನದ ಹೊತ್ತಿಗೆ ಇಡೀ ತುಂಬುವ ದಳ, ಕ್ರಷರಿನವರು, ಲಾರಿಯವರು ಎಲ್ಲ ಕೈಯಲ್ಲಿದ್ದದ್ದನ್ನು ಬಿಸುಟು ಗೇಟಿಗೆ ಹೋದರು. ಕಲ್ಲುಗಣಿಯಲ್ಲಿ ಮುಷ್ಕರವೆಂದರೆ ಆಯುಧಕ್ಕೆ ಬರವೇ? ನನ್ನ ಕಾರಿನ ಗಾಜು ಪುಡಿಪುಡಿ. ಚಾಲಕನ ಕಿವಿಯ ಹಾಲೆ ಹರಿದು ಚರ್ಮದ ಒಂದೆಳೆಯಲ್ಲಿ ತೂಗಾಡಿತು.

ನಾನು ಬಗ್ಗುವವನೇ? ಸಿಡಿಸುವ ದಳ ನನ್ನ ಕಡೆ ಉಳಿದಿತ್ತು. ಮೂರನೇ ಮೆಟ್ಟಿಲಿನಲ್ಲಿ ಬೆಳಿಗ್ಗೆ ಮದ್ದು ತುಂಬಿತ್ತು. "ಸಿಡಿಸಿ!" ಎಂದು ಗುಡುಗಿದೆ. ಢಮಾರ್! ಗೇಟಿನ ಮುಂದಿನ ಗುಂಪು ಒಂದೇ ಬಾರಿ ತಲೆ ತಗ್ಗಿಸಿತು. ಆಹಾ, ಮಹಾಜನಗಳೇ, ಆ ನೋಟ!

ಮೇ ೫, ಮಂಗಳವಾರ

ಗೇಟಿನ ಕಂಬಗಳಿಗೆ ಧ್ವನಿವರ್ಧಕ ಕಟ್ಟಿಸಿದೆ. ಮೈಕ್ ಕೈಗೆ ಬಂದರೆ ನನ್ನ ರಕ್ತದಲ್ಲಿ ಅಪ್ಪ ಎದ್ದು ಕೂರುತ್ತಾನೆ. "ಎಲವೋ ದ್ರೋಹಿಗಳಿರಾ! ಸೈನ್ಯದ ಎರಡು ತುಕಡಿಗಳು ಹೊರಟಿವೆ! ಸೂರ್ಯ ಮುಳುಗುವುದರೊಳಗೆ ಚದುರದಿದ್ದರೆ ನಿಮ್ಮ ಎಲುಬುಗಳ ಲೆಕ್ಕ ನಿಮಗೇ ತಪ್ಪುತ್ತದೆ!" ಗುಂಪಿನ ಅಂಚು ಸಡಿಲವಾಯಿತು. ಕೆಲವರು ಮನೆಗೆ ಓಡಿದರು.

ಊಟಕ್ಕೆ ಕೂತಾಗ ಮನೆಯವಳು ಕೇಳಿದಳು, "ರೀ, ಯಾವ ತುಕಡಿ?"

"ತುಕಡಿಯೂ ಇಲ್ಲ, ಗಿಕಡಿಯೂ ಇಲ್ಲ. ರಣತಂತ್ರ ಕಣೇ."

"ನಿಮ್ಮಪ್ಪನ ಆಟ ಸುಳ್ಳು ಅಂತ ಟಿಕೆಟ್ ತಗೊಂಡೋರಿಗೆಲ್ಲ ಗೊತ್ತಿರ್ತಿತ್ತು. ಇವ್ರಿಗೆ ನೀವು ಟಿಕೆಟ್ ಎಲ್ಲಿ ಕೊಟ್ರಿ?"

ಹೆಂಗಸರಿಗೆ ಯುದ್ಧ ಅರ್ಥವಾಗುವುದಿಲ್ಲ.

ಸೂರ್ಯ ಮುಳುಗಿದ. ತುಕಡಿ ಬರಲಿಲ್ಲ. ಓಡಿದವರು ವಾಪಸು ಬಂದು ನಕ್ಕರು.

ಮೇ ೭, ಗುರುವಾರ

ಇಂದು ರಕ್ತದ ಅಂಕ!

ಬೆಳಗಾಗುತ್ತಲೇ ಕ್ರಷರಿನ ಬೆಲ್ಟಿಗೆ ಬೆಂಕಿ ಇಟ್ಟರು. ರಬ್ಬರು ಉರಿದ ಹೊಗೆ ಆಕಾಶಕ್ಕೆ ಡಾಂಬರು ಬಳಿದಂತೆ. ನಮ್ಮ ಕಾವಲಿನವರು ನುಗ್ಗಿದರು. ಕಾವಲಿನ ಮುಖ್ಯಸ್ಥ ಮೀಸೆ, ಸೈನ್ಯದಲ್ಲಿ ನನ್ನ ಹವಾಲ್ದಾರನಾಗಿದ್ದವನು. ಮುಖಕ್ಕಿಂತ ಮೀಸೆ ದೊಡ್ಡದು, ಮೀಸೆಗಿಂತ ನಿಷ್ಠೆ ದೊಡ್ಡದು. ವರದಿ ಕೊಡದೆ ಅವನು ಸೀನುವುದೂ ಇಲ್ಲ. ವೈರ್‌ಲೆಸ್ಸಿನಲ್ಲಿ ಅವನ ದನಿ ಬರುತ್ತಲೇ ಇತ್ತು: "ಬಲಗಡೆ ಮುರಿದೆವು ಸಾರ್. ವರದಿ ಮುಗೀತು." "ನಮ್ಮವನೊಬ್ಬನ ದವಡೆ ಹೋಯ್ತು ಸಾರ್. ವರದಿ ಮುಗೀತು." ಕವಣೆಯಲ್ಲಿ ಕಬ್ಬಿಣದ ಗುಂಡು ಇಟ್ಟು ಹೊಡೆದಿದ್ದರು. ಹಲ್ಲುಗಳು ಜಲ್ಲಿಯ ಜೊತೆ ಬಿದ್ದಿದ್ದವು, ಯಾವುದು ಹಲ್ಲು ಯಾವುದು ಜಲ್ಲಿ ತಿಳಿಯದಂತೆ.

ಆಗ ನನ್ನ ಪ್ರವೇಶ! ಕೈಯಲ್ಲಿ ಹಿತ್ತಾಳೆಯ ತುದಿಯ ಬೆತ್ತ. ಗುಂಪು ಸೀಳಿಕೊಂಡಿತು. ಮೊದಲ ಏಟಿಗೆ ಒಬ್ಬ ಕೂತ. ಎರಡನೆಯದಕ್ಕೆ ಒಬ್ಬನ ಹುಬ್ಬು ತೆರೆದುಕೊಂಡು ಕಣ್ಣಿಗೆ ಕೆಂಪು ಪರದೆ ಇಳಿಯಿತು. ಎದುರಿಗೆ ಬತ್ತಿ ಅಣ್ಣ, ಕೊರೆಯುವ ಸಲಾಕೆ ಎತ್ತಿ ನಿಂತಿದ್ದಾನೆ. ನಾನು ಹೊಡೆದೆ. ಒಣ ಕೊಂಬೆ ಮುರಿದ ಸದ್ದು. ಅವನ ಬಲಗೈಯಲ್ಲಿ ಮೊಣಕೈಯ ಕೆಳಗೆ ಇನ್ನೊಂದು ಮೊಣಕೈ ಹುಟ್ಟಿತು.

ಅವನು ಕಿರುಚುತ್ತಾನೆ ಎಂದುಕೊಂಡಿದ್ದೆ. ಆ ಕೈಯನ್ನು ಬೇರೆಯವರದ್ದೆಂಬಂತೆ ನೋಡಿ, "ಥೂ ಸಾಹೇಬ್ರೇ, ಎಡಗೈಗೆ ಹೊಡೀಬಾರ್ದಿತ್ತಾ? ಊಟ ಹ್ಯಾಗ್ ಮಾಡ್ಲಿ?" ಎಂದ. ಎಂದು ಕುಸಿದ.

ಮತ್ತೆರಡು ಏಟು ಹಾಕಿದೆ. ಬಿದ್ದವನಿಗೆ.

ಜಯ ನಮ್ಮದು!

ಮನೆಯವಳು ಅಂಗಿಯ ಕಾಲರು ನೋಡಿ ಕೇಳಿದಳು, "ಇದು ಯಾರ್ದು?"

"ಶತ್ರುವಿನದು."

"ಶತ್ರು ಮನೇಲಿ ಅಂಗಿ ಒಗೆಯೋರು ಯಾರಂತೆ?" ಎಂದು ಅದನ್ನು ಬಕೆಟ್ಟಿಗೆ ಹಾಕಿ ಹೋಗಿಬಿಟ್ಟಳು. ನಾನೇ ಒಗೆದೆ.

ಮೇ ೮, ಶುಕ್ರವಾರ

ಕೈ ಸ್ವಲ್ಪ ನಡುಗುತ್ತಿದೆ. ಬೆತ್ತದ ಭಾರ ಹೆಚ್ಚು, ಅದಕ್ಕೆ. ಬೇರೇನಿಲ್ಲ.

ಮೇ ೧೦, ಭಾನುವಾರ

ಮಹಾಜನಗಳೇ, ಮುತ್ತಿಗೆ! ಇದು ಯುದ್ಧಕಲೆಯ ಪಾಠವಾಗಬೇಕಾದ ದಿನ.

ಗೇಟಿನ ಮುಂದೆ ಡೇರೆ ಹಾಕಿ ಕೂತಿದ್ದರು. ಹೆಂಗಸರು ಮಕ್ಕಳೂ ಬಂದು ಸೇರಿದ್ದರು. ಮೀಸೆಯ ಜನ ಮೂರು ಕಡೆಯಿಂದ ಬಡಿಯುತ್ತ ಬಂದರು. ನಾಲ್ಕನೆಯ ಕಡೆ ಬೇಕೆಂದೇ ತೆರೆದಿಟ್ಟಿದ್ದೆ. ಆ ಕಡೆ ಗಣಿ. ಓಡಿದರು. ಪಾತ್ರೆ, ಚಾಪೆ, ಕೂಸು ಎಲ್ಲ ಹೊತ್ತುಕೊಂಡು ಇಳಿಜಾರಿನಲ್ಲಿ ಉರುಳಿಕೊಂಡು ಕೆಳಗಿಳಿದರು. ಬಿದ್ದವರನ್ನು ತುಳಿದವರೂ ಅವರದೇ ಜನ. ಒಬ್ಬ ಮುದುಕನ ಬೆನ್ನ ಮೇಲೆ ಲಾಠಿಗಳು ಒಗೆಯುವ ಕಲ್ಲಿನ ಮೇಲೆ ಬಟ್ಟೆ ಬಿದ್ದಂತೆ ಬೀಳುತ್ತಿದ್ದವು. ಗಣಿಗೆ ಹೋಗಿಬರಲು ಇರುವುದು ಆ ಇಳಿಜಾರೊಂದೇ. ತಳದ ಅರ್ಧ ಭಾಗ ನೀರು. ಉಳಿದ ಅರ್ಧದಲ್ಲಿ, ಮೂರನೇ ಮೆಟ್ಟಿಲಿನ ಗೋಡೆಯ ನೆರಳಲ್ಲಿ, ಅವರೆಲ್ಲ ಮುದುರಿ ಕೂತರು. ಇಳಿಜಾರಿನ ತಲೆಯಲ್ಲಿ ಕಾವಲು ನಿಲ್ಲಿಸಿದೆ. ಮಡಕೆಗೆ ಹಾಕಿ ಮುಚ್ಚಳ ಮುಚ್ಚಿದ್ದೇನೆ!

ಸಂಜೆ ಮೈಕ್ ಹಿಡಿದೆ. ಕಲ್ಪನೆ ರೆಕ್ಕೆ ಬಿಚ್ಚಿತು. "ಎಲೈ ಪಾತಾಳವಾಸಿಗಳಿರಾ! ನಿಮ್ಮ ನೆತ್ತಿಯ ಮೇಲಿನ ಬಂಡೆಯ ಹೊಟ್ಟೆಯಲ್ಲಿ ಮದ್ದು ತುಂಬಿಸಿದ್ದೇನೆ! ಕೈಯೆತ್ತಿ ಬಂದರೆ ಪ್ರಾಣ. ಇಲ್ಲದಿದ್ದರೆ ಇದೇ ನಿಮ್ಮ ಗೋರಿ!" ಸೈರನ್ ಕೂಡ ಕೂಗಿಸಿದೆ. ಮದ್ದು ಎಲ್ಲಿ ಬಂತು? ಶುದ್ಧ ಕಟ್ಟುಕಥೆ.

ಆಮೇಲೆ ಮೈಕಿಲ್ಲದೆಯೇ ಒಂದು ದನಿ ಬಾವಿ ತುಂಬಿ ಮೇಲೆ ಬಂತು. ಬತ್ತಿ ಅಣ್ಣನ ಅಕ್ಕ, ಗಣಿಯ ಕ್ಯಾಂಟೀನು ನಡೆಸುವವಳು. ಎಲ್ಲರಿಗೂ ಅವಳು ದೊಡ್ಡಕ್ಕ.

"ಸಾಹೇಬ್ರೇ! ಮೊನ್ನೆ ಸೈನ್ಯ ಬಂತು, ಇವತ್ತು ಮದ್ದು ಬಂತು. ನಾಳೆ ಆನೆ ಬರತ್ತಾ? ಮಕ್ಳು ಕೇಳ್ತಿದಾವೆ!"

ಗಣಿಯ ಗೋಡೆಗಳು ನಕ್ಕವು. ಅವರು ನಕ್ಕರೆ ಏನಂತೆ. ಅನ್ನ ಮುಗಿದಾಗ ನಗು ಮುಗಿಯುತ್ತದೆ.

ಮೇ ೧೧, ಸೋಮವಾರ

ಬೆಳಿಗ್ಗೆ ದುರ್ಬೀನು ಹಿಡಿದು ಶತ್ರುಶಿಬಿರ ನೋಡುತ್ತಿದ್ದೆ. ಕಣ್ಣು ಶಿಬಿರದ ಪಕ್ಕದ ಕಲ್ಲುರಾಶಿಗೆ ಹೋಯಿತು. ಕಳೆದ ಸೋಮವಾರ ನಾವು ಸಿಡಿಸಿದ ರಾಶಿ. ಅದು ಚಿಕ್ಕದು.

ಜೀವಮಾನವಿಡೀ ಸಿಡಿಸಿದವನ ಕಣ್ಣು ಇದು. ಇಷ್ಟು ಮದ್ದಿಗೆ ಇಷ್ಟು ಕಲ್ಲು ಬೀಳಬೇಕು. ಬಿದ್ದದ್ದು ಅರ್ಧ. ದುರ್ಬೀನನ್ನು ಮೆಟ್ಟಿಲಿನ ಮೇಲಕ್ಕೆ ತಿರುಗಿಸಿದೆ. ಧೂಳು ಮುಚ್ಚಿದ ಬಂಡೆಯ ಹಿಂಭಾಗದಲ್ಲಿ ಹಳದಿ ವಯರಿನ ಒಂದು ತುಂಡು ಗಾಳಿಗೆ ಆಡುತ್ತಿತ್ತು.

ಸಿಡಿಸುವ ದಳದ ಮೇಸ್ತ್ರಿಯನ್ನು ಕರೆಸಿದೆ.

"ಸೋಮವಾರ ಎಷ್ಟು ಸಾಲು ಸಿಡಿಸಿದಿ?"

"ಒಂದು ಸಾರ್. ಮುಂದಿನ ಸಾಲಿನ ವಯರು ಸಿಕ್ತು, ಕೂಡಿಸಿದ್ವಿ, ಒತ್ತಿದ್ವಿ."

"ಮದ್ದಿನ ಲೆಕ್ಕದ ಪ್ರಕಾರ ತುಂಬಿದ್ದು ಎರಡು ಸಾಲು!"

"ನಮಗೆ ಯಾರು ಹೇಳ್ಬೇಕು ಸಾರ್? ತುಂಬೋರು ಹಿಂದಿನ ಸಾಲಿನ ವಯರು ಕೂಡಿಸೋ ಮುಂಚೆ ಮುಷ್ಕರ ಅಂತ ಎದ್ದು ಹೋಗಿದ್ರು. ಅವ್ರನ್ನ ಕೇಳೋ ಹಾಗಿಲ್ಲ, ಮಾತಾಡ್ಬಾರ್ದು ಅಂತ ನಿಮ್ಮದೇ ಆಜ್ಞೆ. ನಿಮ್ಮನ್ನ ಕೇಳೋಣ ಅಂದ್ರೆ ನೀವು 'ಸಿಡಿಸಿ' ಅಂತ ಕೂಗಿದ್ರಿ."

ತುಂಬಿದವರಿಗೆ ಎಷ್ಟು ತುಂಬಿದೆಯೆಂದು ಗೊತ್ತು. ಸಿಡಿಸಿದವರಿಗೆ ಎಷ್ಟು ಸಿಡಿಯಿತೆಂದು ಗೊತ್ತು. ಎರಡೂ ಒಂದೇ ತಲೆಯಲ್ಲಿಲ್ಲ. ಗೇಟಿನಲ್ಲಿದ್ದವರು ಸದ್ದು ಕೇಳಿ, ಎಲ್ಲ ಹೋಯಿತು ಎಂದುಕೊಂಡಿದ್ದಾರೆ. ಈಗ ಅದರ ಕೆಳಗೇ ಕೂತಿದ್ದಾರೆ. ಅಲ್ಲಿ ಕೂರಿಸಿದವನು ನಾನು.

ವಿದ್ಯುತ್ ಕೇಪುಗಳು. ಮಿಂಚು ಸಾಕು ಅವಕ್ಕೆ. ಹತ್ತಿರದಲ್ಲಿ ವೈರ್‌ಲೆಸ್ಸಿನ ಗುಂಡಿ ಒತ್ತಿದರೂ ಸಾಕು. ಒಂದು ವಾರದಿಂದ ನನ್ನ ಜನ ಆ ಅಂಚಿನಲ್ಲೇ ಓಡಾಡಿಕೊಂಡು "ವರದಿ ಮುಗೀತು" ಎನ್ನುತ್ತಿದ್ದಾರೆ. ಎಲ್ಲರ ವೈರ್‌ಲೆಸ್ಸನ್ನೂ ಕೂಡಲೇ ಕೂಡಿಸಿ ತರಲು ಮೀಸೆಗೆ ಹೇಳಿದೆ. ತಂದು ಮೇಜಿನ ಮೇಲೆ ಸುರಿದ.

ಮೈಕ್ ಹಿಡಿದೆ. "ಕೇಳಿ. ಮೇಲೆ ನಿಜವಾಗಿ ಮದ್ದಿದೆ. ಹಿಂದಿನ ಸಾಲು ಸಿಡಿದಿಲ್ಲ. ಎಲ್ಲರೂ ಈಗಲೇ ಮೇಲೆ ಬನ್ನಿ. ಕಾವಲಿನವರು ಮುಟ್ಟುವುದಿಲ್ಲ."

ಕೆಳಗಿನಿಂದ ಚಪ್ಪಾಳೆ. ಶಿಳ್ಳೆ. "ಒನ್ಸ್ ಮೋರ್!" ಎಂದು ಯಾರೋ ಕೂಗಿದರು. ಆಮೇಲೆ ಎಲ್ಲರೂ, ತಾಳ ಹಾಕಿಕೊಂಡು, "ಒನ್ಸ್ ಮೋರ್! ಒನ್ಸ್ ಮೋರ್!"

ಮತ್ತೆ ಹೇಳಿದೆ. ಗಂಟಲು ಹರಿಯುವ ಹಾಗೆ ಹೇಳಿದೆ. ಜೋರಾಗಿ ಹೇಳಿದಷ್ಟೂ ನಾಟಕವೇ ಆಯಿತು.

ದೊಡ್ಡಕ್ಕ ಕೂಗಿದಳು: "ಮೇಲೆ ಬಂದ್ರೆ ಬೆನ್ನಿಗೆ ಲಾಠಿ, ಇಲ್ಲೇ ಇದ್ರೆ ನಿಮ್ಮ ಹಾಡು. ನಿಮ್ಮ ಹಾಡೇ ವಾಸಿ! ನನ್ನ ತಮ್ಮಂಗೆ ಜ್ವರ ಸುಡ್ತಿದೆ, ಸ್ವಲ್ಪ ಮೆಲ್ಲಗೆ ಹಾಡಿ."

ಕಾವಲು ತೆಗೆಸಿದೆ. ದಾರಿ ಖಾಲಿ ಕಂಡಮೇಲಂತೂ ಯಾರೂ ಹತ್ತಲಿಲ್ಲ. ನಿನ್ನೆ ಒಂದು ಕಡೆ ಖಾಲಿ ಬಿಟ್ಟು ಏನು ಮಾಡಿದ್ದೆ ಎಂದು ಅವರಿಗೆ ನೆನಪಿದೆ.

ಮೇ ೧೨, ಮಂಗಳವಾರ

ಮೀಸೆ ಸತ್ತ.

ಬರೆಯಬೇಕು. ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಅವನಿಗೆ, "ಮೂರನೇ ಮೆಟ್ಟಿಲಿನ ಅಂಚಿನವರೆಗೆ ಮಾತ್ರ ಹೋಗು. ವಯರು ಎಲ್ಲೆಲ್ಲಿ ಕಾಣುತ್ತವೆ ನೋಡು. ಮುಟ್ಟಬೇಡ. ಬಂದು ಹೇಳು" ಎಂದೆ. ಸೆಲ್ಯೂಟ್ ಹೊಡೆದು ಹೋದ. ಎಲ್ಲರ ವೈರ್‌ಲೆಸ್ಸು ಕೂಡಿಸಿಕೊಂಡು ಬಂದವನು ಅವನು. ಅವನ ಸೊಂಟದಲ್ಲಿದ್ದದ್ದನ್ನು ಯಾರು ಕೂಡಿಸಿಕೊಳ್ಳಬೇಕಿತ್ತು?

ನನ್ನ ಮೇಜಿನ ಮೇಲೆ ರಾಶಿ ಬಿದ್ದಿದ್ದ ಪೆಟ್ಟಿಗೆಗಳಲ್ಲಿ ಒಂದು ಕರಕರ ಅಂದಿತು. "ಸಾರ್, ತಲುಪಿದೆ. ವಯ..."

ವರದಿ ಮುಗಿಯಲಿಲ್ಲ.

ಸಿಡಿದದ್ದು ಒಂದೇ ಕುಳಿ. ಸದ್ದಿನಿಂದಲೇ ಗೊತ್ತಾಯಿತು. ಓಡಿದೆ. ಇಳಿಜಾರಿನ ಮೇಲೆ ಬಂಡೆಗಳು ಬಿದ್ದು ದಾರಿ ಮುಚ್ಚಿತ್ತು. ಮೀಸೆ ಅರ್ಧ ಅಲ್ಲಿ, ಅರ್ಧ ಬೇರೆ ಕಡೆ. ಅವನ ಒಂದು ಬೂಟು ನೆಟ್ಟಗೆ ನಿಂತಿತ್ತು, ಲೇಸು ಕಟ್ಟಿದ ಹಾಗೇ, ಕಾಲೂ ಅದರಲ್ಲೇ ಇತ್ತು. ನಾನು ಕಲ್ಲು ಎತ್ತಿ ಎತ್ತಿ ಎಸೆದೆ. ಯಾಕೆ ಎಸೆದೆ ತಿಳಿಯದು, ಹುಡುಕಲು ಅವನಲ್ಲಿ ಏನೂ ಉಳಿದಿರಲಿಲ್ಲ.

ಕೆಳಗಿನಿಂದ ಕೂಗು ಕೇಳಿತು. ಹಾರಿದ ಕಲ್ಲು ಒಬ್ಬ ಮುದುಕನ ಸೊಂಟ ಮುರಿದಿತ್ತು, ಮೊನ್ನೆ ಲಾಠಿ ತಿಂದವನದೇ. ಒಬ್ಬಳ ಕೆನ್ನೆ ಹರಿದಿತ್ತು. ಗಟ್ಟಿಮುಟ್ಟಾದವರು ಬಿದ್ದ ಬಂಡೆಗಳ ಮೇಲೆ ಹತ್ತಿ ನುಗ್ಗಿ ಬಂದರು. ನಾನೇ ಹೇಳಿ ಹೇಳಿ ಸಿಡಿಸಿದೆ ಎಂದು ಅವರ ನಂಬಿಕೆ. ಬೇರೇನು ನಂಬಬೇಕು? ಸಲಾಕೆಯ ಮೊದಲ ಏಟು ಪಕ್ಕೆಗೆ. ಎರಡನೆಯದು ಕಿವಿಗೆ. ಆಮೇಲೆ ಎಣಿಸಲಿಲ್ಲ. ಯಾರೋ ಎದೆಯ ಮೇಲೆ ಮಂಡಿ ಊರಿದರು, ಯಾರೋ ಬಾಯಿಗೆ ಜಲ್ಲಿ ತುರುಕಿದರು. "ಕೂಗು ಈಗ! ಕೂಗೋ ನಾಟಕದವನೇ!" ಜಲ್ಲಿಯನ್ನು ಕಚ್ಚಿಕೊಂಡೇ ಇದ್ದೆ.

"ಬಿಡ್ರೋ!"

ಬತ್ತಿ ಅಣ್ಣ. ಕೈಯನ್ನು ಹಲಗೆಗೆ ಕಟ್ಟಿತ್ತು, ಮುಖ ಬೂದಿ ಬಣ್ಣ. ಬಂಡೆಗಳನ್ನು ಹತ್ತಿ ಬಂದು ಏದುಸಿರು ಬಿಡುತ್ತ ನಿಂತಿದ್ದ. ಮೀಸೆಯ ಬೂಟನ್ನು ನೋಡಿದ. ತುಂಬ ಹೊತ್ತು ನೋಡಿದ.

"ಸ್ವಂತ ಹವಾಲ್ದಾರನ್ನ ಮೇಲೆ ನಿಲ್ಸಿ ಸಿಡ್ಸೋಕೆ ಈಯಪ್ಪನಿಗೇನು ತಲೆ ಕೆಟ್ಟಿದೆಯಾ? ಬಿಡ್ರೋ ಅವನ್ನ." ಆಮೇಲೆ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು, "ಹಿಂದಿನ ಸಾಲು ಹಾಗೇ ಇದೆಯಾ?"

ಜಲ್ಲಿ ಉಗಿದು, "ಇದೆ" ಎಂದೆ. "ಈಗ ಹೋದದ್ದು ಒಂದು."

"ಆ ಸಾಲಿಗೆ ನಾನು ತುಂಬಿದ್ದು ಹನ್ನೆರಡು." ಅವನು ಗಣಿಯ ಕಡೆ ತಿರುಗಿದ. ಕೆಳಗೆ ಹೆಂಗಸರು, ಮಕ್ಕಳು, ಮುದುಕರು, ದೊಡ್ಡಕ್ಕ. "ಅಯ್ಯೋ ನಮ್ಮವ್ವ," ಎಂದ, ಬೈದ ಹಾಗೆ. "ನಿಮ್ಮ ಬಾಯಿಗೆ ಬೆಂಕಿ ಬೀಳ, ನಿಜ ಹೇಳ್ವಾಗ ಆದ್ರೂ ಮನುಷ್ಯರ ಹಾಗೆ ಹೇಳ್ಬಾರ್ದಿತ್ತಾ?"

ಮೇ ೧೩, ಬುಧವಾರ

ಪಕ್ಕೆಗೆ ಪಟ್ಟಿ ಕಟ್ಟಿದ್ದಾರೆ. ಎಡಗಿವಿ ಕೇಳುವುದಿಲ್ಲ.

ಗಣಿಯಲ್ಲಿ ಉಳಿದವರು ಹತ್ತಲಾರದವರು; ಬಂಡೆಗಳು ಇನ್ನೂ ಜಾರುತ್ತಿವೆ, ಹೊತ್ತು ತರುವಂತಿಲ್ಲ, ಹಗ್ಗದಲ್ಲಿ ಎಳೆಯೋಣವೆಂದರೆ ಸಡಿಲವಾದ ಗೋಡೆ ಕಳಚುತ್ತದೆ. ಮುಚ್ಚಿದ ಇಳಿಜಾರನ್ನು ಬಿಡಿಸಲು ದೊಡ್ಡ ಯಂತ್ರ ಬೇಕು. ಮೇಲೆ ಹನ್ನೊಂದು ಕುಳಿ ಇರುವಾಗ ಕೆಳಗೆ ಯಂತ್ರ ಗುದ್ದುವಂತಿಲ್ಲ. ನೀರಿನ ಅಂಚಿಗೆ ಅವರನ್ನೆಲ್ಲ ಸರಿಸಿದ್ದೇವೆ; ಹನ್ನೊಂದೂ ಒಟ್ಟಿಗೆ ಹೋದರೆ ಅದು ದೂರವೇ ಅಲ್ಲ. ಹಗ್ಗ ಕಟ್ಟಿ ಅನ್ನ, ನೀರು, ಔಷಧಿ ಇಳಿಸಿದೆವು. ಹಗ್ಗವನ್ನು ಬತ್ತಿ ಅಣ್ಣನ ಹುಡುಗರೂ ಕಾವಲಿನವರೂ ಒಟ್ಟಿಗೆ ಹಿಡಿದಿದ್ದರು. ದವಡೆ ಹೋದ ಕಾವಲಿನವನು, ಕವಣೆ ಹೊಡೆದವನ ಹಿಂದೆಯೇ ನಿಂತು ಎಳೆಯುತ್ತಿದ್ದ.

ಪೊಲೀಸರು ಗೇಟಿನ ಹೊರಗೆ ಇದ್ದಾರೆ. ಸ್ಫೋಟಕ ತೆಗೆಯುವ ಸರ್ಕಾರಿ ತಂಡ ನಾಡಿದ್ದು ಬರುತ್ತದಂತೆ. ನಾಳೆ ಮಧ್ಯಾಹ್ನ ಗುಡುಗು ಮಿಂಚಿನ ಮಳೆ ಎಂದು ಹವಾಮಾನದವರು ಹೇಳಿದ್ದಾರೆ. ಸಂಜೆಯ ಆಕಾಶ ನೋಡಿದರೆ ಅವರು ಹೇಳಬೇಕಾಗಿಯೂ ಇರಲಿಲ್ಲ.

ಯಜಮಾನರ ಫೋನು ಬಂತು.

"ಕರ್ನಲ್, ನೀವು ಯಾವುದಕ್ಕೂ ಕೈ ಹಾಕ್ಬೇಡಿ. ಸರ್ಕಾರದವ್ರು ಬರ್ಲಿ."

"ನಾಳೆ ಮಿಂಚು ಬರುತ್ತೆ ಸರ್."

"ಮಿಂಚು ಬಂದು ಏನಾದ್ರೂ ಆದ್ರೆ ಅದು ದೇವರ ಕೆಲಸ. ನೀವು ಮುಟ್ಟಿ ಏನಾದ್ರೂ ಆದ್ರೆ ಅದು ಕಂಪನಿ ಕೆಲಸ. ಅರ್ಥ ಆಯ್ತಾ?" ಜೊತೆಗೆ, "ಮುಷ್ಕರಾನೂ ಮುಗಿಯತ್ತೆ" ಎಂದರು.

"ಕೆಳಗೆ ಮಕ್ಕಳಿದ್ದಾರೆ."

"ಯಾರು ಇಳಿಸಿದ್ದು?"

"ನಾನೇ ಸರ್."

"ನೋಡಿ, ಮುಟ್ಟಿದ್ರೆ ಆ ಕ್ಷಣದಿಂದ ನೀವು ನಮ್ಮ ಅಧಿಕಾರಿ ಅಲ್ಲ. ಹೇಳಿದ್ದೀನಿ."

ಸರಿ ಎಂದು ಫೋನು ಇಟ್ಟೆ.

ಬತ್ತಿ ಅಣ್ಣ ನನ್ನ ಕೊಠಡಿಯಲ್ಲಿ ತಿರುಗುವ ಕುರ್ಚಿಯ ಮೇಲೆ ಕೂತು ಎಡಗೈಯಿಂದ ಚಹಾ ಕುಡಿಯುತ್ತಿದ್ದ, ಅರ್ಧ ಅಂಗಿಯ ಮೇಲೆ ಚೆಲ್ಲಿಕೊಂಡು. "ಏನಂತೆ?"

"ನಾನು ಹೋದರೆ ಕೆಲಸ ಹೋಗುತ್ತಂತೆ."

"ನಂದು ಹೋಗಿ ಹತ್ತು ದಿನ ಆಯ್ತು. ಏನೂ ಆಗಲ್ಲ, ಮೊದಲೆರಡು ದಿನ ಹೊಟ್ಟೆ ಸರಿ ಇರಲ್ಲ." ಕುರ್ಚಿಯನ್ನು ಒಂದು ಸುತ್ತು ತಿರುಗಿಸಿದ. "ಒಳ್ಳೆ ಗಾಣ ಇದು."

ಮೇಜಿನ ಮೇಲೆ ಸಕ್ಕರೆ ಸುರಿದು, ಬೆರಳಿನಿಂದ ಕುಳಿಗಳ ಸಾಲು ಬರೆದ. ಯಾವುದರ ವಯರು ಎಷ್ಟು ಉದ್ದ ಬಿಟ್ಟಿದ್ದ, ಯಾವುದನ್ನು ಕಲ್ಲಿನಡಿ ಸಿಕ್ಕಿಸಿದ್ದ, ಎಲ್ಲ ಹೇಳಿದ. ಪ್ರತಿ ಕುಳಿಯಿಂದಲೂ ಎರಡು ತುದಿ ಬರುತ್ತವೆ. ಬಿಡಿಬಿಡಿಯಾಗಿದ್ದರೆ ಮಿಂಚಿಗೆ ಬಾಯಿ ತೆರೆದು ಕೂತ ಹಾಗೆ. ಎರಡನ್ನೂ ಸೇರಿಸಿ ಹೊಸೆದುಬಿಟ್ಟರೆ ಬಾಯಿ ಮುಚ್ಚಿತು. ನನಗೂ ಗೊತ್ತಿರುವುದೇ. ಆದರೆ ಧೂಳಿನಡಿ ಅವು ಎಲ್ಲಿವೆಯೆಂದು ಗೊತ್ತಿರುವುದು ತುಂಬಿದವನಿಗೆ.

"ನೀನು ದೂರದಿಂದ ಹೇಳು, ನಾನು ಮಾಡ್ತೀನಿ" ಎಂದೆ.

"ದೂರದಿಂದ ಕೂಗಿ ಹೇಳೋದು ನಿಮ್ಮ ಪದ್ಧತಿ. ನಾನು ಪಕ್ಕದಲ್ಲೇ ಇರ್ತೀನಿ. ಹೊಸೆಯೋಕೆ ಎರಡು ಕೈ ಬೇಕು, ನನ್ನತ್ರ ಒಂದಿದೆ. ಇನ್ನೊಂದನ್ನ ಯಾರು ಮುರಿದ್ರೋ ಅವ್ರೇ ಭರ್ತಿ ಮಾಡ್ಕೊಡ್ಲಿ."

"ನೋವಿದೆಯಾ?"

"ಸಾಹೇಬ್ರೇ, ಮುರಿದಾಗ್ಲೇ ಕೇಳಿದ್ರೆ ಹೇಳ್ತಿದ್ದೆ." ಲೋಟ ಕೆಳಗಿಟ್ಟ. "ಕೈ ನಡುಗ್ತಾ ಇದೆಯಲ್ಲ ನಿಮ್ದು."

"ಭಯ" ಎಂದೆ.

"ಸದ್ಯ."

ಅವನು ಹೋದ ಮೇಲೆ ಮೀಸೆಯ ಹೆಂಡತಿಗೆ ಸುದ್ದಿ ಹೇಳಲು ಹೋಗಿದ್ದೆ. ಏನು ಹೇಳಿದೆ ಎಂದು ಬರೆಯುವುದಿಲ್ಲ. ಕೆಲವು ಮಾತು ಆಡಿದೆ. ಅವಳು ಬಾಗಿಲು ಹಾಕಿಕೊಂಡಳು.

ಮನೆಯಲ್ಲಿ ನನ್ನವಳು ಹತ್ತಿಯ ಹಳೆಯ ಅಂಗಿ ಇಸ್ತ್ರಿ ಮಾಡಿಟ್ಟಿದ್ದಾಳೆ. ನೈಲಾನು ಬೇಡವೆಂದು ಹೇಳಿದ್ದೆ, ಕಿಡಿ ಹುಟ್ಟುತ್ತದೆ. ಗುಂಡಿಗಳನ್ನು ಒಂದೊಂದಾಗಿ ಎಳೆದು ನೋಡಿ, "ಇದು ಸಡಿಲ ಇದೆ, ಕೂತ್ಕೊಳ್ಳಿ" ಎಂದು ನನ್ನ ಎದುರಿಗೇ ಕೂತು ಹೊಲಿದಳು. ದಾರ ಕಚ್ಚಿ ತುಂಡು ಮಾಡಿದ ಮೇಲೆ, "ಬತ್ತಿ ಅಣ್ಣನಿಗೂ ಒಂದು ಅಂಗಿ ತಗೊಂಡ್ಹೋಗಿ. ತೋಳು ಕತ್ತರಿಸಿದ್ದೀನಿ, ಹಲಗೆ ಒಳಗೆ ಹೋಗೋ ಹಾಗೆ" ಎಂದಳು.

ನಾಳೆ ಬೆಳಿಗ್ಗೆ, ಹಳದಿ ವಯರು ಧೂಳಿನಿಂದ ಬೇರೆಯಾಗಿ ಕಾಣುವಷ್ಟು ಬೆಳಕಾದ ಕೂಡಲೇ, ನಾವಿಬ್ಬರೂ ಬರಿಗಾಲಲ್ಲಿ ಮೂರನೇ ಮೆಟ್ಟಿಲಿಗೆ ಇಳಿಯುತ್ತೇವೆ. ಬೇರೆ ಯಾರನ್ನೂ ಹತ್ತಿರ ಬಿಡುವುದಿಲ್ಲ. ಎಡತುದಿಯಿಂದ ಶುರು. ಮೊದಲನೆಯ ಕುಳಿಯ ವಯರು ಅಂಗೈ ಅಗಲದ ಒಂದು ಕಲ್ಲಿನಡಿ ಸಿಕ್ಕಿಕೊಂಡಿದೆ ಎಂದು ಬತ್ತಿ ಅಣ್ಣ ಹೇಳಿದ್ದಾನೆ. ಆ ಕಲ್ಲನ್ನು ಅವನು ಎಡಗೈಯಿಂದ ಹಿಡಿದುಕೊಳ್ಳುತ್ತಾನೆ. ನಾನು ಬೆರಳ ತುದಿಯಿಂದ ಸುತ್ತಲಿನ ಮಣ್ಣು ಬಿಡಿಸಿ, ಎರಡು ತುದಿಗಳನ್ನು ಹುಡುಕಿ, ಒಂದಕ್ಕೊಂದು ತಾಗಿಸಿ ಹೊಸೆಯುತ್ತೇನೆ. ಆಮೇಲೆ ಎರಡನೆಯದಕ್ಕೆ ಹೋಗುತ್ತೇನೆ.